ಕುಯ್ಲಾದ ಮೇಲೆ ಕೊಡ್ತೀನಿ

ಮೂಡಿಗೆರೆ ಪೇಟೆಯ ದಿನಸಿ ಅಂಗಡಿಗಳ ಸಾಲದ ಪುಸ್ತಕಕ್ಕೆ ಒಂದೇ ವಾಯಿದೆ: ಕಾಫಿ ಕುಯ್ಲು. ಬೆಳೆ ಮಾರಿ ದುಡ್ಡು ಕೈಗೆ ಬಂದ ಮೇಲೆ ಲೆಕ್ಕ ಚುಕ್ತಾ. ಇಂಥ ಊರಿಗೆ ಶೇರ್‌ವೇರ್ ಎಂಬ ಬಗೆಯ ತಂತ್ರಾಂಶ ಬಂದಾಗ ಅದು ನಮಗೆ ಹೊಸತೆನಿಸಲೇ ಇಲ್ಲ. ಮೊದಲು ಬಳಸಿ, ಹಿಡಿಸಿದರೆ ಆಮೇಲೆ ದುಡ್ಡು ಕಳಿಸಿ ಎನ್ನುವ ಈ ವ್ಯಾಪಾರಕ್ಕೆ 1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್, ಜಿಮ್ ನಾಫ್ ಎಂಬಿಬ್ಬರು ಬುನಾದಿ ಹಾಕಿದರು. ನಕಲು ಮಾಡಿ ನೆಂಟರಿಷ್ಟರಿಗೂ ಹಂಚಿ ಎಂದು ಮಾಲಿನ ಒಡೆಯನೇ ಹೇಳುವುದೆಂದರೆ ಎಂಥ ಗುಂಡಿಗೆ!

ನಮ್ಮ ಕಡೆಗೆ ಅದು ಬಂದದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆಗಿನ ಸಿಡಿಯಲ್ಲಿ. ಡಯಲ್‌ಅಪ್‌ನಲ್ಲಿ ಇಳಿಸಿಕೊಳ್ಳೋಣವೆಂದರೆ, ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಕರೆಂಟೂ ಹೋಗುತ್ತಿತ್ತು, ಫೋನೂ ಹೋಗುತ್ತಿತ್ತು. ಸಿಡಿಯೊಳಗಿನ ಕೆಲವು ತಂತ್ರಾಂಶ ಬರೆಯಲು ಬಿಡುತ್ತಿದ್ದವು, ಉಳಿಸಲು ಬಿಡುತ್ತಿರಲಿಲ್ಲ. ಕೆಲವು ಮೂವತ್ತು ದಿನಕ್ಕೆ ಕಣ್ಣು ಮುಚ್ಚುತ್ತಿದ್ದವು. ಅದಕ್ಕೆ ಊರ ಹುಡುಗರ ಮದ್ದು, ಕಂಪ್ಯೂಟರಿನ ತಾರೀಕನ್ನೇ ಹಿಂದಕ್ಕೆ ತಿರುಗಿಸುವುದು. ಹೊರಗೆ ಆಷಾಢದ ಮಳೆ ಹೊಡೆಯುತ್ತಿದ್ದರೂ ಪರದೆಯ ಮೂಲೆಯಲ್ಲಿ ಇನ್ನೂ ಜನವರಿ, ಕಣದಲ್ಲಿ ಕಾಫಿ ಒಣಗುವ ಕಾಲ.

1993ರ ‘ಡೂಮ್’ ಆಟದ ವರಸೆಯೇ ಬೇರೆ. ಮೂರು ಕಂತಿನಲ್ಲಿ ಮೊದಲನೆಯದು ಪುಕ್ಕಟೆ. ಅದರ ಕೊನೆಗೆ ನಾಯಕ ಕತ್ತಲಲ್ಲಿ ರಾಕ್ಷಸರ ಕೈಗೆ ಸಿಕ್ಕಿಬೀಳುತ್ತಾನೆ. ಮುಂದೇನಾಯಿತೆಂದು ತಿಳಿಯಲು ಡಾಲರ್ ಕಳಿಸಬೇಕು. ನಮ್ಮ ಪೋಸ್ಟಾಫೀಸಿನಲ್ಲಿ ಟೆಕ್ಸಾಸಿಗೆ ಮನಿಯಾರ್ಡರ್ ಮಾಡ್ತೀನಿ ಎಂದರೆ ನಕ್ಕಾರು. ಕ್ರೆಡಿಟ್ ಕಾರ್ಡ್ ದೊಡ್ಡ ಎಸ್ಟೇಟಿನವರ ಪರ್ಸಿನ ಮಾತು. ಹಾಗಾಗಿ ನನ್ನ ಓರಗೆಯ ಎಷ್ಟೋ ಮಂದಿಯ ಪಾಲಿಗೆ ಆ ಬಡಪಾಯಿ ಇವತ್ತಿಗೂ ಅಲ್ಲೇ ಇದ್ದಾನೆ.

ಡಾಲರಿನ ನೆಪ ಎಲ್ಲ ಕಡೆ ನಡೆಯುವುದಿಲ್ಲ. ಶೇಷಾದ್ರಿವಾಸು 1998ರಲ್ಲಿ ಹೊರತಂದ ಕನ್ನಡ ಟೈಪಿಂಗ್ ತಂತ್ರಾಂಶ ‘ಬರಹ’ ವರ್ಷಗಟ್ಟಲೆ ಪುಕ್ಕಟೆಯಾಗಿಯೇ ಕನ್ನಡಿಗರ ಕೈಯಲ್ಲಿ ಬರೆಸಿತು. ಮುಂದೆ ಹೊಸ ಆವೃತ್ತಿಗಳಿಗೆ ಬೆಲೆ ಇಟ್ಟಾಗ ಗೊಣಗಿದವರಲ್ಲಿ, ಅದರಲ್ಲೇ ಲಗ್ನಪತ್ರಿಕೆ ಟೈಪಿಸಿ ಸಂಸಾರ ಸಾಗಿಸಿದವರೂ ಇದ್ದರು. ಆ ಗೊಣಗು ನನಗಂತೂ ಸರಿಬರಲಿಲ್ಲ.

ಶೇರ್‌ವೇರಿನ ಹಳೆಯ ಮರ್ಯಾದೆ ಉಳಿಸಿಕೊಂಡದ್ದು ಕಡತಗಳನ್ನು ಕುಗ್ಗಿಸುವ ವಿನ್‌ರಾರ್. 1995ರಿಂದಲೂ ಇದೆ. ನಲವತ್ತು ದಿನದ ಗಡುವು ಮುಗಿದರೂ ಬಾಗಿಲು ಹಾಕುವುದಿಲ್ಲ. ದಯವಿಟ್ಟು ಕೊಂಡುಕೊಳ್ಳಿ ಎಂದು ನೆನಪಿಸಿ, ಕೆಲಸ ಮಾಡಿಕೊಟ್ಟು ಸುಮ್ಮನಾಗುತ್ತದೆ. ಅದನ್ನು ದುಡ್ಡು ಕೊಟ್ಟು ಕೊಂಡವರು ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯಮಾಡಿ ತಿಳಿಸಿ, ಒಮ್ಮೆ ಬಂದು ಮುಖ ನೋಡಿಕೊಂಡು ಹೋಗುತ್ತೇನೆ.