ಓರ್ಕ್‌ಗಳ ತಾಯಿತಂದೆ ಯಾರು?

ಕಲ್ಪಿತ ಲೋಕವೊಂದನ್ನು ಕಟ್ಟುವ ಲೇಖಕ ನದಿ, ಪರ್ವತ, ರಾಜವಂಶಗಳನ್ನು ತಾಳ್ಮೆಯಿಂದ ಹೊಂದಿಸಿಬಿಡಬಹುದು. ಆದರೆ ಆ ಲೋಕದ ದುಷ್ಟಜೀವಿಗಳು ಎಲ್ಲಿಂದ ಬಂದವು ಎಂದು ಕೇಳಿದಾಗಲೇ ಅವನ ಕಸುಬಿನ ಆಳ ತಿಳಿಯುತ್ತದೆ. ಈ ಒಂದು ಪ್ರಶ್ನೆಯ ಬೆನ್ನುಹತ್ತಿ ಪುಸ್ತಕದಿಂದ ಪುಸ್ತಕಕ್ಕೆ ಅಲೆಯುವ ಓದು ಬಲು ರುಚಿಕರವಾದ ಹವ್ಯಾಸ, ಜೆ. ಆರ್. ಆರ್. ಟೋಲ್ಕೀನ್ (1892–1973) ಕಟ್ಟಿದ ಮಧ್ಯಭೂಮಿಯ ಓರ್ಕ್‌ಗಳು ಆ ಓದಿಗೆ ಒದಗಿಸುವಷ್ಟು ಮೇವನ್ನು ಬೇರಾವ ಜೀವಿಗಳೂ ಒದಗಿಸಲಾರವು.

‘ಓರ್ಕ್’ ಎಂಬ ಪದ ಹಳೆಯ ಇಂಗ್ಲಿಷಿನದು. ‘ಬೇವುಲ್ಫ್’ ಕಾವ್ಯದಲ್ಲಿ, ಒಡಹುಟ್ಟಿದವನನ್ನು ಕೊಂದ ಕೇನನ ಸಂತತಿಯೆಂದು ಎಣಿಸಿದ ಜೀವಿಗಳ ಸಾಲಿನಲ್ಲಿ ಅದರ ಸಮಾಸರೂಪವೊಂದು ಬರುತ್ತದೆ. ಪದ ಸಿಕ್ಕಿದಷ್ಟು ಸುಲಭವಾಗಿ ಟೋಲ್ಕೀನರಿಗೆ ಆ ಜೀವಿಗಳ ಹುಟ್ಟು ಸಿಗಲಿಲ್ಲ. ಆರಂಭದ ಬರಹಗಳಲ್ಲಿ ದುಷ್ಟಶಕ್ತಿಯಾದ ಮೆಲ್ಕೊ ಭೂಮಿಯೊಳಗಿನ ಕಾವು ಮತ್ತು ಲೋಳೆಯಿಂದ ಓರ್ಕ್‌ಗಳನ್ನು ತಾನೇ ಮಾಡಿದನೆಂದಿತ್ತು. ಮುಂದೆ ಅವರ ಲೋಕಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಬಂತು: ಜೀವ ಕೊಡುವ ಅಧಿಕಾರ ಪರಮದೇವನಾದ ಇಲೂವತಾರನೊಬ್ಬನದು, ಕೇಡಿಗೆ ಸೃಷ್ಟಿಯಿಲ್ಲ, ವಿಕೃತಿ ಮಾತ್ರ ಸಾಧ್ಯ, ವಿಕೃತಿಯೆಂದರೆ ಇನ್ನೊಬ್ಬರು ಮಾಡಿದ್ದನ್ನು ಹಿಂಡಿ ತಿರುಚಿ ತನ್ನದಾಗಿಸಿಕೊಳ್ಳುವುದು. ಸಜ್ಜನನಾದ ಔಲೆ ಎಂಬ ದೇವತೆ ಕುಬ್ಜರನ್ನು ರೂಪಿಸಿದಾಗಲೂ, ಇಲೂವತಾರ ಜೀವ ನೀಡುವವರೆಗೆ ಅವರು ಔಲೆಯ ಮನಸ್ಸು ಆಡಿಸಿದಂತೆ ಆಡುವ ಗೊಂಬೆಗಳಾಗಿಯೇ ಇದ್ದರು. ದೇವತೆಗೇ ಇಲ್ಲದ ಶಕ್ತಿ ಮೆಲ್ಕೊಗೆ ಹೇಗೆ ಬಂದೀತು?

ಹೀಗಾಗಿ 1977ರಲ್ಲಿ ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ‘ದಿ ಸಿಲ್ಮರಿಲಿಯನ್’ ಗ್ರಂಥದಲ್ಲಿ, ಸೆರೆಸಿಕ್ಕ ಎಲ್ಫ್‌ಗಳನ್ನು ಉತುಮ್ನೊ ಕೋಟೆಯಲ್ಲಿ ನಿಧಾನವಾಗಿ ಹಿಂಸಿಸಿ ಓರ್ಕ್‌ಗಳನ್ನಾಗಿ ಮಾಡಲಾಯಿತೆಂಬ ವಿವರಣೆ ಕಾಣಿಸಿಕೊಂಡಿತು, ಅದೂ ಜ್ಞಾನಿಗಳ ನಂಬಿಕೆಯೆಂಬ ರೂಪದಲ್ಲಿ. ಆದರೆ ಟೋಲ್ಕೀನರ ಮನಸ್ಸು ಅಲ್ಲಿಗೆ ನಿಂತಿರಲಿಲ್ಲ. 1993ರಲ್ಲಿ ಪ್ರಕಟವಾದ ‘ಮೋರ್ಗಾತ್ಸ್ ರಿಂಗ್’ ಸಂಪುಟದಲ್ಲಿರುವ ಅವರ ಕೊನೆಗಾಲದ ಟಿಪ್ಪಣಿಗಳು ಓರ್ಕ್‌ಗಳನ್ನು ಒಮ್ಮೆ ಮೃಗಗಳೆಂದು, ಒಮ್ಮೆ ಕೆಡಿಸಲ್ಪಟ್ಟ ಮನುಷ್ಯರೆಂದು, ಅವರ ಕೆಲವು ನಾಯಕರನ್ನು ದೇಹ ತೊಟ್ಟ ಕಿರಿಯ ದುಷ್ಟಚೇತನಗಳೆಂದು ಪರೀಕ್ಷಿಸಿ ನೋಡುತ್ತವೆ. ಮೃಗವಾದರೆ ಮಾತು ಎಲ್ಲಿಂದ ಬಂತು? ಮಾತಿರುವ ಆತ್ಮವಾದರೆ ಅದನ್ನು ಕರುಣೆಯಿಲ್ಲದೆ ಸಾವಿರ ಸಂಖ್ಯೆಯಲ್ಲಿ ಕಡಿದುಹಾಕುವುದು ಧರ್ಮವೇ? 1954ರ ಕರಡು ಪತ್ರವೊಂದರಲ್ಲಿ ಅವರು ಓರ್ಕ್‌ಗಳನ್ನು ಸ್ವಭಾವತಃ ಕೆಟ್ಟವರೆಂದು ಕರೆಯುತ್ತಾರೆ, ಉದ್ಧಾರವೇ ಇಲ್ಲದವರೆಂದು ಬರೆಯುವ ಅಂಚಿಗೆ ಬಂದು ತಮ್ಮನ್ನು ತಡೆದುಕೊಳ್ಳುತ್ತಾರೆ. ಆ ಹಿಂಜರಿಕೆ ಅವರ ಎಷ್ಟೋ ಯುದ್ಧವರ್ಣನೆಗಳಿಗಿಂತ ದೊಡ್ಡದು.

ಈ ಹಿಂಜರಿಕೆಯ ಬೆಲೆ ತಿಳಿಯದವರು ಅವರ ದಾರಿ ಹಿಡಿದವರಲ್ಲಿ ಬಹಳ. 1977ರ ‘ಮಾನ್‌ಸ್ಟರ್ ಮ್ಯಾನುಯಲ್’ ಎಂಬ ಆಟದ ಕೈಪಿಡಿಯಲ್ಲಿ ಓರ್ಕ್ ಕುಲದ ನೀತಿಯೇ ‘ನಿಯಮಬದ್ಧ ದುಷ್ಟತನ’ ಎಂದು ಒಂದು ಪಟ್ಟಿಯೊಳಗೆ ಮುಗಿದುಹೋಯಿತು. ಆಮೇಲೆ ಅದೆಷ್ಟೋ ಕಾದಂಬರಿಕಾರರು ಆ ಪಟ್ಟಿಯನ್ನೇ ಶಾಸ್ತ್ರವೆಂದು ನಂಬಿ, ನಾಯಕನ ಖಡ್ಗಕ್ಕೆ ಗುರಿಯಾಗಲೆಂದೇ ಕುಲಕ್ಕೆ ಕುಲವನ್ನೇ ಹುಟ್ಟಿಸಿದರು. ಇದು ಸೋಮಾರಿತನ ಮಾತ್ರವಲ್ಲ, ಕೊಲ್ಲುವ ಮುನ್ನ ಯೋಚಿಸಬೇಕಾದ ಹೊಣೆಯನ್ನು ಓದುಗನಿಂದ ಕಸಿದುಕೊಳ್ಳುವ ಅಪರಾಧ. ಓರ್ಕ್ ಎಂದರೆ ರಾಕ್ಷಸ ಎಂದು ಕನ್ನಡದಲ್ಲಿ ಹೇಳಿಬಿಡುವುದೂ ಇಂಥದೇ ಅವಸರ. ರಾವಣ ಪುಲಸ್ತ್ಯನ ಮೊಮ್ಮಗ, ಕುಬೇರನಿಗೆ ಮಲತಮ್ಮ. ಅವನಿಗೆ ವಂಶವಿದೆ, ತಪಸ್ಸಿದೆ, ವರವಿದೆ, ಅವನ ಒಡಹುಟ್ಟಾಗಿಯೇ ವಿಭೀಷಣ ಹುಟ್ಟಬಲ್ಲ. ಓರ್ಕ್‌ಗಳ ನಡುವೆ ವಿಭೀಷಣನೊಬ್ಬ ಎದ್ದುಬರುವ ಕಥೆಯನ್ನು ಟೋಲ್ಕೀನ್ ಬರೆಯಲೇ ಇಲ್ಲ. ವಂಶಾವಳಿಯ ನಷ್ಟವೇ ಅವುಗಳ ದುರಂತವಾಗಿರುವಾಗ ಅವುಗಳಿಗೆ ರಾಕ್ಷಸಪದವಿ ಕೊಡುವುದು ಎರಡೂ ಕುಲಗಳಿಗೆ ಮಾಡುವ ಅನ್ಯಾಯ.

ದುಷ್ಟಜೀವಿಯ ಸ್ವಭಾವವನ್ನು ಅಳೆಯಲು ಒಂದು ಉಪಾಯ ಎಲ್ಲ ವಂಶಚರ್ಚೆಗಿಂತ ಉಪಯುಕ್ತ: ಎದುರಿಗೆ ನಾಯಕನಿಲ್ಲದಾಗ ಅವು ತಮ್ಮತಮ್ಮೊಳಗೆ ಏನು ಮಾತಾಡುತ್ತವೆ ಎಂದು ಕಿವಿಗೊಡುವುದು. ಟೋಲ್ಕೀನರ ‘ದಿ ಟೂ ಟವರ್ಸ್’ ಸಂಪುಟದ ಕೊನೆಯಲ್ಲಿ, ಜೇಡರೂಪಿಣಿ ಶೆಲಾಬ್‌ಳ ಸುರಂಗದೊಳಗೆ, ಶಾಗ್ರಾಟ್ ಮತ್ತು ಗೋರ್ಬಾಗ್ ಎಂಬ ಇಬ್ಬರು ಓರ್ಕ್ ನಾಯಕರ ಮಾತು ಕಥಾನಾಯಕ ಫ್ರೋಡೋನ ಜೊತೆಗಾರ ಸ್ಯಾಮ್‌ನ ಕಿವಿಗೆ ಬೀಳುತ್ತದೆ. ಮೇಲಿನವರ ಕಾಟಕ್ಕೆ ಅವರು ಬೇಸತ್ತಿದ್ದಾರೆ, ತಮ್ಮ ಒಡೆಯನ ಸೇವಕರಾದ ನಾಜ್ಗೂಲ್‌ಗಳನ್ನು ಕಂಡರೆ ಅವರಿಗೂ ಮೈ ಜುಮ್ಮೆನ್ನುತ್ತದೆ; ಯುದ್ಧ ಮುಗಿದರೆ ನಂಬಿಕೆಯ ನಾಲ್ಕು ಜನರೊಂದಿಗೆ ದೊರೆಗಳಿಲ್ಲದ ಕಡೆಗೆ ಹೋಗಿ, ಹಿಂದಿನ ಕಾಲದಂತೆ ಕೊಳ್ಳೆ ಹೊಡೆದುಕೊಂಡು ಬದುಕುವ ಆಸೆ ಅವರದು. ಬಿದ್ದ ಜೊತೆಗಾರನನ್ನು ಬಿಟ್ಟುಹೋದ ಶತ್ರುವನ್ನು ಅವರು ಹಳಿಯುತ್ತಾರೆ. ಆದರೆ ತಮ್ಮವನೇ ಆದ ಉಫ್ತಾಕ್ ಶೆಲಾಬ್‌ಳ ಬಲೆಯಲ್ಲಿ ಜೀವಂತ ನೇತಾಡುವುದನ್ನು ಕಂಡು ನಕ್ಕು ಬಿಟ್ಟುಬಂದದ್ದು ಅವರೇ. ವಿದ್ವಾಂಸ ಟಾಮ್ ಶಿಪ್ಪಿ ಎತ್ತಿ ತೋರಿಸಿದಂತೆ, ಅವರಿಗೆ ಒಳ್ಳೆಯದು ಯಾವುದೆಂದು ಗೊತ್ತಿದೆ, ಅದು ತಮಗೂ ಅನ್ವಯಿಸುತ್ತದೆಂದು ಮಾತ್ರ ಗೊತ್ತಿಲ್ಲ. ಭೂಮಿಯ ಲೋಳೆಯಿಂದ ಎದ್ದ ಗೊಂಬೆ ದೂರು ಹೇಳಲಾರದು, ಹಳೆಯ ದಿನಗಳನ್ನು ನೆನೆದು ಹಂಬಲಿಸಲಾರದು. ಆ ಹಂಬಲ ಎಷ್ಟು ಕಾಲ ಬಾಳಿತೆಂಬುದು ಮುಂದಿನ ಸಂಪುಟದಲ್ಲಿದೆ: ಫ್ರೋಡೋನ ಮಿಥ್ರಿಲ್ ಎಂಬ ಅಮೂಲ್ಯ ಲೋಹದ ಅಂಗಿಗಾಗಿ ಇಬ್ಬರ ಪಡೆಗಳೂ ಒಂದನ್ನೊಂದು ಕೊಂದುಕೊಂಡು ತಮ್ಮ ಕಾವಲುಗೋಪುರದ ತುಂಬ ಹೆಣ ಚೆಲ್ಲುತ್ತವೆ, ಮತ್ತು ದೊರೆಗಳಿಲ್ಲದ ನೆಲದ ಮಾತಿಗೆ ತಲೆದೂಗಿದ್ದ ಶಾಗ್ರಾಟ್, ಗೋರ್ಬಾಗ್‌ನನ್ನು ತನ್ನ ಕೈಯಾರೆ ಮುಗಿಸಿ, ಆ ಅಂಗಿಯ ಗಂಟನ್ನು ಅವುಚಿಕೊಂಡು, ದೊರೆಯ ಕೋಟೆಯಾದ ಬರದ್-ದೂರ್‌ನತ್ತ ಓಡುತ್ತಾನೆ.