ಇವರು ನನ್ನ ಪತಿ

ನಾನು ಮದ್ರಸದಲ್ಲಿ ಕಲಿತವಳು. ಮದುವೆಯಾದ ಮೇಲೆ ದೂರಶಿಕ್ಷಣದ ಮೂಲಕ ಬಿ.ಎ. ಮುಗಿಸಿದೆ. ಈಗ ಮಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ಶಿಕ್ಷಕಿ. ಸಂಜೆ ಹೆಣ್ಣುಮಕ್ಕಳಿಗೆ ಮದ್ರಸದ ಪಾಠವನ್ನೂ ಮಾಡುತ್ತೇನೆ. ನನ್ನ ಪತಿ ಮೀನು ವ್ಯಾಪಾರಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ದಕ್ಕೆಗೆ ಹೋಗುತ್ತಾರೆ. ಸ್ಕೂಟರಿನ ಹಿಂದಿನ ಪೆಟ್ಟಿಗೆಯಲ್ಲಿ ಬಂಗುಡೆ, ಬೂತಾಯಿ ತುಂಬಿಸಿ, ಮಂಜುಗಡ್ಡೆ ಕರಗುವ ಮೊದಲು ಮನೆಯಿಂದ ಮನೆಗೆ ಸುತ್ತುತ್ತಾರೆ. ಈ ಸಂಗತಿಯನ್ನು ನಾನು ಬಹಳ ವರ್ಷ ಸ್ಟಾಫ್ ರೂಮಿನಲ್ಲಿ ಹೇಳಿರಲಿಲ್ಲ. ಯಾರಾದರೂ ಕೇಳಿದರೆ, “ಬಿಸಿನೆಸ್” ಎನ್ನುತ್ತಿದ್ದೆ. ಅದು ಸುಳ್ಳಲ್ಲವಲ್ಲ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ.

ನಿಜವೇನೆಂದರೆ, ನನಗೆ ಅವರ ಬಗ್ಗೆ ನಾಚಿಕೆಯಿತ್ತು. ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಎಲೆಯಡಿಕೆಯಿಂದ ಕೆಂಪಾದ ಹಲ್ಲು, ಬೀದಿಯಲ್ಲಿ ಕೂಗಿ ಕೂಗಿ ದೊಡ್ಡದಾದ ಸ್ವರ. ಮೆಲ್ಲಗೆ ಮಾತನಾಡಲು ಅವರಿಗೆ ಬರುವುದೇ ಇಲ್ಲ. ಒಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದರು. ಮುಖ್ಯೋಪಾಧ್ಯಾಯಿನಿ ನಮಸ್ಕಾರ ಹೇಳಿದಾಗ, “ನಮಸ್ಕಾರ ಅಕ್ಕಾ, ಅಂಜಲ್ ಬೇಕಾದರೆ ಹೇಳಿ, ಒಳ್ಳೆ ತಾಜಾ ತಂದುಕೊಡ್ತೇನೆ” ಎಂದರು. ಅವರು ನಕ್ಕರು. ಸುತ್ತ ಇದ್ದವರೂ ನಕ್ಕರು. ನಾನು ನೆಲ ನೋಡಿದೆ.

ಮನೆಗೆ ಬಂದ ಮೇಲೆ, “ಎಲ್ಲಿ ಏನು ಮಾತನಾಡಬೇಕೆಂದು ಗೊತ್ತಾಗುವುದಿಲ್ಲವೇ?” ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಮುಂದೆ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಕರೆ ಬಂದಾಗ, “ನಿಮಗೆ ಆ ದಿನ ಕೆಲಸವಿರಬಹುದಲ್ಲ?” ಎಂದೆ. “ಹೌದು, ಉಂಟು” ಎಂದರು. ಮದುವೆಯ ದಿನವಿಡೀ ಅವರು ಮನೆಯಲ್ಲೇ ಇದ್ದರೆಂದು ಮಗಳು ನಂತರ ಹೇಳಿದಳು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅವರಿಗೆ ವ್ಯಾಪಾರ ಕಡಿಮೆ. ಆಗ ಪೆಟ್ಟಿಗೆ ಬಿಚ್ಚಿಟ್ಟು ನನ್ನನ್ನು ಶಾಲೆಗೆ ಬಿಡುವುದು ರೂಢಿ. ಆ ವಾರ್ಷಿಕೋತ್ಸವದ ನಂತರದ ಮಳೆಗಾಲದಲ್ಲಿ ಅವರು ಗೇಟಿಗಿಂತ ಸುಮಾರು ನೂರು ಮೀಟರ್ ಹಿಂದೆ, ಹಲಸಿನ ಮರದ ಬಳಿಯೇ ಸ್ಕೂಟರ್ ನಿಲ್ಲಿಸತೊಡಗಿದರು. ನಾನು ಹಾಗೆ ಹೇಳಿರಲಿಲ್ಲ. ಆದರೆ ನನಗೂ ಅದು ಅನುಕೂಲವೇ ಆಗಿದ್ದರಿಂದ ಕಾರಣ ಕೇಳಲೂ ಇಲ್ಲ. ಒಂದು ದಿನ ಜೋರು ಮಳೆ. ಸೀರೆ, ಪುಸ್ತಕ ಎಲ್ಲವೂ ಒದ್ದೆ. “ಇಂದಾದರೂ ಗೇಟಿನ ತನಕ ಬಿಡಬಹುದಿತ್ತಲ್ಲ?” ಎಂದೆ. ಅವರು ಹೇಳಿದ್ದು ಇಷ್ಟೇ: “ಅಲ್ಲಿ ನಿನ್ನ ಟೀಚರ್‌ಗಳು ಇರ್ತಾರಲ್ಲ.” ಸ್ವರದಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಕೊಡೆ ನನ್ನ ಕೈಗೆ ಕೊಟ್ಟು ತಾವು ನೆನೆಯುತ್ತಾ ಹೋದರು.

ಅದೇ ವಾರ ಸಂಜೆಯ ತರಗತಿಯಲ್ಲಿ ಖುಲಾದ ಪಾಠವಿತ್ತು. ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಪ್ರವಾದಿ(ಸ)ರ ಬಳಿಗೆ ಬಂದು, ಪತಿಯ ಧರ್ಮನಿಷ್ಠೆಯಲ್ಲಾಗಲಿ ಗುಣದಲ್ಲಾಗಲಿ ತಪ್ಪಿಲ್ಲ, ಆದರೂ ಅವರೊಂದಿಗೆ ಬಾಳಲಾರೆ ಎಂದು ತಿಳಿಸಿದರು. ಪತಿಯ ರೂಪ ಆಕೆಗೆ ಹಿಡಿಸಿರಲಿಲ್ಲವೆಂದು ಕೆಲವು ವರದಿಗಳಲ್ಲಿದೆ. ಪ್ರವಾದಿಯವರು(ಸ) ಆಕೆಯನ್ನು ಗದರಿಸಲಿಲ್ಲ. ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಿ ಬಿಡುಗಡೆ ಹೊಂದಲು ಅವಕಾಶ ನೀಡಿದರು. ಅದೇ ಸಾಬಿತ್(ರ) ಅನ್ಸಾರ್‌ಗಳ ಹೆಸರಾಂತ ಭಾಷಣಕಾರರಾಗಿದ್ದರು ಎಂಬುದನ್ನೂ ಮಕ್ಕಳಿಗೆ ಹೇಳಿದೆ.

“ಹಾಗಾದರೆ ರೂಪ ನೋಡುವುದು ತಪ್ಪಲ್ಲವೇ ಟೀಚರ್?” ಎಂದು ಒಬ್ಬಳು ಕೇಳಿದಳು. “ತನ್ನ ಮನಸ್ಸಿನಲ್ಲಿ ಇದ್ದುದನ್ನು ಆಕೆ ಪ್ರಾಮಾಣಿಕವಾಗಿ ಹೇಳಿದರು. ಅದು ತಪ್ಪಲ್ಲ” ಎಂದೆ. ಹೇಳಿದ ಮಾತು ನನಗೇ ಬಂದು ತಾಗಿತು. ಆಕೆ ನೋಡಿದ್ದು ತನ್ನ ಕಣ್ಣಿನಿಂದ. ನಾನೋ? ಮನೆಯೊಳಗೆ ಆ ಮುಖ, ಆ ಸ್ವರ ನನಗೆ ಎಂದೂ ಭಾರವಾಗಿರಲಿಲ್ಲ. ಬಿ.ಎ. ಪರೀಕ್ಷೆಯ ದಿನಗಳಲ್ಲಿ ವ್ಯಾಪಾರ ಬಿಟ್ಟು, ಹಾಲು ಕುಡಿಯುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೂರು ಗಂಟೆ ಮರದಡಿ ಕಾದದ್ದು ಇದೇ ಲುಂಗಿಯ ಮನುಷ್ಯ. ಆಗ ನನಗೆ ಲುಂಗಿ ಕಾಣಿಸಿರಲಿಲ್ಲ. ಸ್ಟಾಫ್ ರೂಮಿನ ಕಣ್ಣುಗಳನ್ನು ಸಾಲ ಪಡೆದ ಮೇಲೆ ಕಾಣಿಸತೊಡಗಿತು.

ಹಾಗೆಂದು ಸಂಗಾತಿಗೆ ಏನನ್ನೂ ಹೇಳಬಾರದೆಂದಲ್ಲ, ಸಹೋದರಿಯರೇ. ಎಲೆಯಡಿಕೆ ಬಿಡಿ, ಅದು ಬಾಯಿಗೆ ಕೆಟ್ಟದ್ದು ಎಂದು ನಾನು ಈಗಲೂ ಹೇಳುತ್ತೇನೆ. ಮದುವೆಗೆ ಹೊರಡುವಾಗ ಇಸ್ತ್ರಿ ಮಾಡಿದ ಅಂಗಿ ತೆಗೆದಿಡುತ್ತೇನೆ. ಆದರೆ ಅದು ಅವರಿಗಾಗಿ ಹೇಳುವ ಮಾತಾಗಿರಬೇಕು, ನಮ್ಮ ಮಾನಕ್ಕಾಗಿ ಅಲ್ಲ. ಈ ವ್ಯತ್ಯಾಸ ನಾವು ವಿವರಿಸದೆಯೇ ಅವರಿಗೆ ತಿಳಿಯುತ್ತದೆ.

ಮರುದಿನ ಹಲಸಿನ ಮರದ ಬಳಿ ಸ್ಕೂಟರ್ ನಿಧಾನವಾದಾಗ, “ಮುಂದೆ ಹೋಗಿ” ಎಂದೆ. ಗೇಟಿನಲ್ಲಿ ಇಬ್ಬರು ಶಿಕ್ಷಕಿಯರು ಕೊಡೆ ಹಿಡಿದು ನಿಂತಿದ್ದರು. “ಇವರು ನನ್ನ ಪತಿ. ಮೀನು ವ್ಯಾಪಾರ ಮಾಡುತ್ತಾರೆ” ಎಂದೆ. “ಹೌದೇ? ಆಗಸ್ಟಿನಲ್ಲಿ ಒಳ್ಳೆ ಬಂಗುಡೆ ಸಿಕ್ಕಿದರೆ ನಮಗೂ ತನ್ನಿ” ಎಂದು ಒಬ್ಬರು ಸಲುಗೆಯಿಂದಲೇ ಹೇಳಿದರು.

ಮೀನಿನ ಮಾತು ಬಂದರೆ ನಿಲ್ಲಿಸದ ನನ್ನ ಪತಿ ಅಂದು ಬಾಯಿ ತೆರೆಯಲಿಲ್ಲ. ಮಾತನಾಡಬಹುದೇ ಎಂದು ಕೇಳುವವರಂತೆ ಒಮ್ಮೆ ನನ್ನ ಮುಖ ನೋಡಿದರು.

ಆ ನೋಟವನ್ನು ಅವರಿಗೆ ಕಲಿಸಿದವಳು ನಾನು. ಅದನ್ನು ಮರೆಸಬೇಕಾದವಳೂ ನಾನೇ. ಅದಕ್ಕೆ ಬೇಕಾದಷ್ಟು ಆಯುಷ್ಯವನ್ನು ಅಲ್ಲಾಹನು ನಮ್ಮಿಬ್ಬರಿಗೂ ಕರುಣಿಸಲಿ.