ಉಳುವವನ ಪಾಲು

ಬೆಳೆ ಹೆಚ್ಚಿದರೆ ರೈತನ ಬಾಳು ಹಸನಾಗುವುದೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಹೆಚ್ಚು ಬೆಳೆದದ್ದೇ ರೈತನಿಗೆ ಮುಳುವಾದ ಕಾಲವೂ ಉಂಟು. ಅಮೆರಿಕದ ದಕ್ಷಿಣ ಭಾಗದ ಹತ್ತಿಯ ಸೀಮೆಗೆ ಅಂತಹ ಕಾಲ ಬಂದಿತ್ತು. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟು ಇದ್ದ ಹತ್ತಿಯ ಬೆಲೆ 1932ರ ವೇಳೆಗೆ ಆರೇಳು ಸೆಂಟಿಗೆ ಕುಸಿಯಿತು. ಗೋದಾಮುಗಳಲ್ಲಿ ಹತ್ತಿ ರಾಶಿ ಬಿದ್ದಿತ್ತು. ಅದನ್ನು ಬೆಳೆದವರು ಸಾಲದಲ್ಲಿ ಮುಳುಗಿದ್ದರು.

ಈ ಸಂಕಟವನ್ನು ನೀಗಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರವು 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಶಾಸನವನ್ನು ತಂದಿತು. ಅದರ ತರ್ಕ ಸರಳವಾದುದು. ಸಾಗುವಳಿ ತಗ್ಗಿದರೆ ಫಸಲು ತಗ್ಗುವುದು. ಫಸಲು ತಗ್ಗಿದರೆ ಬೆಲೆ ಏರುವುದು. ಸಾಗುವಳಿ ತಗ್ಗಿಸಿದವನಿಗೆ ಸರ್ಕಾರ ಹಣ ಕೊಡುವುದು. ಆದರೆ ಶಾಸನ ಹುಟ್ಟುವ ವೇಳೆಗೆ ಹೊಲದಲ್ಲಿ ಹತ್ತಿ ಮೊಳೆತಾಗಿತ್ತು. ಆದ್ದರಿಂದ ಆ ಬೇಸಗೆಯಲ್ಲಿ ಒಂದು ಕೋಟಿ ಎಕರೆಗೂ ಮಿಗಿಲಾದ ಪೈರನ್ನು ಉತ್ತು ಮಣ್ಣುಪಾಲು ಮಾಡಬೇಕಾಯಿತು. ಗಿಡ ತುಳಿಯದೆ ಸಾಲಿನ ನಡುವೆ ನಡೆಯಲು ಕಲಿತಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಹಿಂಜರಿದವೆಂದು ಅಂದಿನವರು ಹೇಳುತ್ತಿದ್ದರು.

ಬೆಲೆಯೇನೋ ಏರಿತು. ಸರ್ಕಾರದ ಹಣವೂ ಬಂದಿತು. ಆದರೆ ಅದು ಯಾರ ಕೈ ಸೇರಿತು?

ಆರ್ಕನ್ಸಾ ರಾಜ್ಯದ ಪಾಯಿನ್‌ಸೆಟ್ ಎಂಬ ಕೌಂಟಿಯ ಕಥೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಕೌಂಟಿಯೆಂದರೆ ಜಿಲ್ಲೆಯಂತಹ ಒಂದು ಆಡಳಿತ ವಿಭಾಗ. ಅಲ್ಲಿನ ವಿಶಾಲವಾದ ಹೊಲಗಳನ್ನು ಉಳುತ್ತಿದ್ದವರು ಒಡೆಯರಲ್ಲ, ಪಾಲಿಗೆ ದುಡಿಯುವ ಒಕ್ಕಲುಗಳು. ಬಿತ್ತನೆಯಿಂದ ಬಿಡಿಸುವವರೆಗೆ ಕುಟುಂಬವೆಲ್ಲ ಬೆವರು ಸುರಿಸಿದರೆ ಫಸಲಿನಲ್ಲಿ ಅರ್ಧ ಪಾಲು. ಅದರಲ್ಲಿಯೂ ಅಂಗಡಿಯ ಸಾಲಕ್ಕೆ ವಜಾ. 1934ರ ಕರಾರಿನಂತೆ, ಬಿತ್ತದೆ ಬಿಟ್ಟ ನೆಲದಲ್ಲಿ ಬೆಳೆಯಬಹುದಾಗಿದ್ದ ಹತ್ತಿಗೆ ಸರ್ಕಾರ ಕೊಡುತ್ತಿದ್ದುದು ಪೌಂಡಿಗೆ ನಾಲ್ಕೂವರೆ ಸೆಂಟು. ಅದರಲ್ಲಿ ನಾಲ್ಕು ಸೆಂಟು ಒಡೆಯನದು; ಪಾಲುಗಾರನದು ಕೇವಲ ಅರ್ಧ ಸೆಂಟು. ಆ ಅರ್ಧ ಸೆಂಟೂ ಒಡೆಯನ ಕೈ ದಾಟಿಯೇ ಬರಬೇಕಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಆ ದೂರದ ನಾಡಿನಲ್ಲಿಯೂ ನಿಜವಾಯಿತು.

ಕಷ್ಟ ಅಲ್ಲಿಗೇ ನಿಲ್ಲಲಿಲ್ಲ. ಸಾಗುವಳಿ ತಗ್ಗಿದ ಮೇಲೆ ಅಷ್ಟು ಕೈಗಳು ಬೇಡವಾದವು. ಒಕ್ಕಲುಗಳನ್ನು ಸಾಧ್ಯವಾದಮಟ್ಟಿಗೆ ಉಳಿಸಿಕೊಳ್ಳಬೇಕೆಂದು ಕರಾರಿನಲ್ಲಿ ಬರೆದಿತ್ತು. ‘ಸಾಧ್ಯವಾದಮಟ್ಟಿಗೆ’ ಎಂಬ ಒಂದು ಮಾತಿನ ಸಂದಿನಲ್ಲಿ ಎಷ್ಟೋ ಕುಟುಂಬಗಳು ಬೀದಿಗೆ ಬಿದ್ದವು.

1934ರ ಜುಲೈ ತಿಂಗಳಲ್ಲಿ ಆ ಕೌಂಟಿಯ ಟೈರೋನ್ಜಾ ಊರಿನ ಬಳಿ, ಒಂದು ಶಾಲೆಯ ಕಟ್ಟಡದಲ್ಲಿ ಹದಿನೆಂಟು ಮಂದಿ ಸೇರಿದರು. ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕರಿಯರು. ಎರಡು ಜನಾಂಗದವರು ಒಂದೇ ಶಾಲೆಯಲ್ಲಿ ಓದಲಾಗದ ಕಾಲವದು. ಆದರೂ ಹಸಿವಿಗೆ ಬಣ್ಣವಿಲ್ಲವೆಂದು ಅರಿತ ಅವರು ಒಂದೇ ಸಂಘ ಕಟ್ಟಿದರು. ಅದೇ ದಕ್ಷಿಣದ ಒಕ್ಕಲು ರೈತರ ಸಂಘ. ಅವರು ಬೆದರಿಕೆಗಳನ್ನೂ ಪೆಟ್ಟುಗಳನ್ನೂ ಸಹಿಸಬೇಕಾಯಿತು. ಇದ್ದ ಒಕ್ಕಲುಗಳನ್ನೇ ಉಳಿಸಿಕೊಳ್ಳಬೇಕೆಂದು ಕರಾರಿಗೆ ಅರ್ಥ ಹೇಳಿದ ಬಣದ ಅಧಿಕಾರಿಗಳು 1935ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡರು.

1936ರ ಜನವರಿಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಆ ಶಾಸನದ ಮುಖ್ಯ ಭಾಗವನ್ನು ಅಸಿಂಧುಗೊಳಿಸಿತು. ಆದರೆ ನೆರವು ನಿಲ್ಲಲಿಲ್ಲ. ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ನಡೆದು ಬಂದಿದೆ. ಪಾಯಿನ್‌ಸೆಟ್ ಈಗ ಭತ್ತಕ್ಕೆ ಹೆಸರಾದ ಸೀಮೆ. ಅಲ್ಲಿ ಪಾಲುಗಾರರ ಜಾಗದಲ್ಲಿ ಯಂತ್ರಗಳು ಬಂದಿವೆ. ಟೈರೋನ್ಜಾದಲ್ಲಿ 2006ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದು ಆ ಒಕ್ಕಲುಗಳ ನೆನಪನ್ನು ಕಾಪಾಡಿಕೊಂಡಿದೆ.

ರೈತನಿಗೆ ಸರ್ಕಾರ ನೆರವಾಗುವುದು ಧರ್ಮವೇ ಸರಿ. ಆದರೆ ಆ ನೆರವನ್ನು ಅಳೆಯುವಾಗ ಖಜಾನೆಯಿಂದ ಎಷ್ಟು ಹೊರಟಿತೆಂದು ಲೆಕ್ಕ ಹಾಕಿದರೆ ಸಾಲದು. ಕಾಗದದಲ್ಲಿ ಹೆಸರಿರುವವನಿಗೂ ನೇಗಿಲು ಹಿಡಿದವನಿಗೂ ನಡುವೆ ಎಷ್ಟು ದೂರವಿದೆಯೆಂಬುದನ್ನೂ ನೋಡಬೇಕು. ಆ ಹದಿನೆಂಟು ಮಂದಿ ಕೇಳಿದ್ದು ದಾನವನ್ನಲ್ಲ. ತಮ್ಮ ದುಡಿಮೆಗೆ ಸಲ್ಲಬೇಕಾದ ಪಾಲನ್ನು.